ಮಗಳಿಗೊಂದು ಪತ್ರ: ಹೆಸರಿಗಿಂತ ಮೊದಲು ಬೀದಿ

ಮಗಳೇ,

ನಿನ್ನ ಅತ್ತೆಯವರ ಪೂರ್ವಿಕರು ಹಳೇ ಲಂಡನ್ ಸಿಟಿಯವರು (ಲಂಡನ್ನಿನ ನಡುವಿನ ಹಳೇ ಊರು), ಅವರ ಮೂಲ ಹುಡುಕಬೇಕು ಅಂತ ಬರೆದಿದ್ದೀಯ. ಕಂಪ್ಯೂಟರಿನಲ್ಲಿ ಹೆಸರು ಹಾಕಿ ಹುಡುಕಲು ಶುರುಮಾಡಬೇಡ. ಆ ಊರಲ್ಲಿ ಜಾನ್ ಸ್ಮಿತ್ ಗಲ್ಲಿಗೊಬ್ಬ. ಮನೆ ಯಾವ ಬೀದಿಯಲ್ಲಿತ್ತು, ಆ ಬೀದಿ ಯಾವ ಪ್ಯಾರಿಷ್‌ಗೆ, ಅಂದರೆ ಯಾವ ಚರ್ಚಿನ ವ್ಯಾಪ್ತಿಗೆ, ಸೇರಿತ್ತು ಅನ್ನೋದು ಮೊದಲು ಗಟ್ಟಿಯಾಗಲಿ.

ಗೊತ್ತಿರುವ ತಲೆಮಾರಿನಿಂದ ಹಿಂದಕ್ಕೆ ಹೋಗು. ಇಂಗ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ಕ್ಕೆ. ಮೊದಲು ಮದುವೆ ಸರ್ಟಿಫಿಕೇಟ್ ತರಿಸು. ಗಂಡು, ಹೆಣ್ಣು ಇಬ್ಬರ ಅಪ್ಪಂದಿರ ಹೆಸರು, ಕಸುಬು ಅದರಲ್ಲಿರುತ್ತವೆ. ಅಲ್ಲಿರುವ ವಿಳಾಸವನ್ನು ಮಾತ್ರ ಪೂರ್ತಿ ನಂಬಬೇಡ. ಇಬ್ಬರದೂ ಒಂದೇ ಮನೆ ಅಂತಿದ್ದರೆ, ಎರಡು ಪ್ಯಾರಿಷ್‌ಗಳ ಚರ್ಚಿನಲ್ಲಿ ಮದುವೆಗೆ ಮುಂಚಿನ ಪ್ರಕಟಣೆ ಓದಿಸುವ ಖರ್ಚು ಉಳಿಸಲು ಹಾಗೆ ಬರೆಸಿರಬಹುದು. ವಾಸದ ಮನೆಗೆ ಜನಗಣತಿ ನೋಡು. 1841ರದು ಅರೆಬರೆ: ಹದಿನೈದು ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿದ್ದಾರೆ, 38ರವನು 35 ಆಗಿರುತ್ತಾನೆ. ಹುಟ್ಟಿದ ಪ್ಯಾರಿಷ್ ಸಿಗುವುದು 1851ರಿಂದ.

ಅದರಲ್ಲೂ ಒಂದು ತೊಡಕಿದೆ. ಬರೀ 'ಸೇಂಟ್ ಬೊಟಾಲ್ಫ್' ಅಂತ ಬರೆದಿದ್ದರೆ ಯಾವುದು? ಆಲ್ಡ್‌ಗೇಟ್, ಬಿಷಪ್ಸ್‌ಗೇಟ್, ಆಲ್ಡರ್ಸ್‌ಗೇಟ್ ಮೂರೂ ಕಡೆ ಆ ಹೆಸರಿನ ಚರ್ಚ್ ಇದೆ. ಬಿಲಿಂಗ್ಸ್‌ಗೇಟಿನ ನಾಲ್ಕನೆಯದು 1666ರ ಲಂಡನ್ ಮಹಾ ಬೆಂಕಿಯಲ್ಲಿ ಸುಟ್ಟುಹೋಯಿತು, ಮತ್ತೆ ಕಟ್ಟಲಿಲ್ಲ. ಚರ್ಚ್ ಹೋದರೂ ಇಂಥ ಪ್ಯಾರಿಷ್‌ಗಳು ಅಳಿಯಲಿಲ್ಲ; ಪಕ್ಕದ ಚರ್ಚಿಗೆ ಸೇರಿಕೊಂಡವು. ಆದ್ದರಿಂದ ಚರ್ಚೇ ಇಲ್ಲದ ಪ್ಯಾರಿಷ್‌ನ ಹೆಸರು ಕಂಡರೆ ಬರೆದವರ ತಪ್ಪು ಅಂದುಕೊಳ್ಳಬೇಡ, ಯಾವ ಚರ್ಚಿಗೆ ಸೇರಿಸಿದರು ಅಂತ ನೋಡು. ಬೀದಿ ಹುಡುಕಲು ಹಳೇ ನಕ್ಷೆ ಬೇಕು: ರಿಚರ್ಡ್ ಹಾರ್ವುಡ್ 1792ರಿಂದ 1799ರವರೆಗೆ ಪ್ರಕಟಿಸಿದ ಲಂಡನ್ ನಕ್ಷೆಯಲ್ಲಿ ಬಹಳಷ್ಟು ಮನೆ ನಂಬರುಗಳೂ ಇವೆ. ಈಗಿನ ನಕ್ಷೆ ಸಾಲದು. 19ನೇ ಶತಮಾನದಲ್ಲಿ ಎಷ್ಟೋ ಬೀದಿಗಳ ಹೆಸರು, ನಂಬರು ಬದಲಾದವು. ಸಿಟಿಯ ಪ್ಯಾರಿಷ್‌ಗಳು ಬಹಳ ಚಿಕ್ಕವು, ಬೀದಿ ದಾಟಿದರೆ ಬೇರೆಯದು. ಮಗುವಿನ ದೀಕ್ಷಾಸ್ನಾನ ಒಂದರಲ್ಲಿ ಸಿಗದಿದ್ದರೆ ಸುತ್ತಲಿನ ಐದಾರನ್ನು ನೋಡಿಯೇ ಕೈಬಿಡು.

ದೀಕ್ಷಾಸ್ನಾನ, ಮದುವೆ, ಸಮಾಧಿ ಬರೆದಿಟ್ಟ ಈ ಚರ್ಚ್ ರಿಜಿಸ್ಟರುಗಳ ಬಹುಪಾಲು ಕ್ಲರ್ಕನ್‌ವೆಲ್‌ನಲ್ಲಿರುವ ಲಂಡನ್ ಆರ್ಕೈವ್ಸ್‌ನಲ್ಲಿವೆ. ದೀಕ್ಷಾಸ್ನಾನಕ್ಕೆ 1813ರಿಂದ ಅಚ್ಚು ಹಾಕಿದ ನಮೂನೆ ಬಂತು, ಮನೆ ವಿಳಾಸ, ಅಪ್ಪನ ಕಸುಬು ಎರಡೂ ಸಿಗುತ್ತವೆ. ಅದಕ್ಕೂ ಹಿಂದೆ ಬರೆಯುವವನ ಮನಸ್ಸಿಗೆ ಬಂದಷ್ಟು. 1752ಕ್ಕೆ ಮುಂಚೆ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಪುಸ್ತಕದ 1720ರ ಫೆಬ್ರವರಿ ನಮ್ಮ ಲೆಕ್ಕಕ್ಕೆ 1721. ಇದು ಗೊತ್ತಿಲ್ಲದೆ, ಜೂನಿನಲ್ಲಿ ಮದುವೆಯಾದವರಿಗೆ ಅದೇ ವರ್ಷದ ಫೆಬ್ರವರಿಯಲ್ಲೇ ಮಗು ಅಂತ ಪಾಪ, ಎಷ್ಟು ಮರ್ಯಾದಸ್ಥ ಅಜ್ಜಿಯರ ಮೇಲೆ ಗೂಬೆ ಕೂರಿಸಿದ್ದಾರೋ!

ಹೆಚ್ಚು ವಂಶವೃಕ್ಷಗಳು ಕೆಡುವುದು ಸಮಾಧಿ ಪುಸ್ತಕ ನೋಡದೆ. ತೀರಿಹೋದ ಕೂಸಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ಅಲ್ಲಿ ಮಾಮೂಲು. ನಿನಗೆ ಸಿಕ್ಕಿದ ವಿಲಿಯಂ ಮೂರು ತಿಂಗಳಿಗೇ ಮಣ್ಣಾಗಿದ್ದರೆ, ಅವನಿಂದ ಮುಂದಕ್ಕೆ ಎಳೆದ ಗೆರೆಯೆಲ್ಲ ಸುಳ್ಳು. ದೀಕ್ಷಾಸ್ನಾನ ಸಿಕ್ಕಿದೊಡನೆ ಅದೇ ಹೆಸರಿಗೆ ಸಮಾಧಿಯನ್ನೂ ಹುಡುಕು. ದೀಕ್ಷಾಸ್ನಾನದ ದಿನ ಹುಟ್ಟಿದ ದಿನವಲ್ಲ. ಮೂರು ನಾಲ್ಕು ಮಕ್ಕಳಿಗೆ ಒಟ್ಟಿಗೆ ಮಾಡಿಸಿದ್ದೂ ಉಂಟು.

1754ಕ್ಕೆ ಮುಂಚಿನ ಮದುವೆ ಪ್ಯಾರಿಷ್‌ನಲ್ಲಿ ಸಿಗದಿದ್ದರೆ ಫ್ಲೀಟ್ ಜೈಲಿನ ಆಸುಪಾಸಿನ ಗುಟ್ಟಿನ ಮದುವೆಗಳ ಪುಸ್ತಕ ನೋಡು. ಅಲ್ಲಿ ತಾರೀಖು ತಿದ್ದಿದ್ದೂ ಇದೆ, ಇನ್ನೊಂದು ಆಧಾರ ಇಲ್ಲದೆ ಒಪ್ಪಬೇಡ.

ದಾರಿ ಲಂಡನ್ನಿನಲ್ಲೇ ನಿಂತುಹೋದರೆ ಬಂದವನು ಹಳ್ಳಿಯವನಿರಬೇಕು. 1681ರಿಂದ ಉಳಿದಿರುವ 'ಫ್ರೀಡಂ ಆಫ್ ದಿ ಸಿಟಿ' (ಸಿಟಿಯಲ್ಲಿ ಕಸುಬು, ವ್ಯಾಪಾರ ಮಾಡುವ ಹಕ್ಕು) ಕಾಗದಗಳನ್ನು ಹುಡುಕು. ಕಸುಬು ಕಲಿಯಲು ಸೇರಿದ ಹುಡುಗನ ಕರಾರು ಪತ್ರ, ಸಾಮಾನ್ಯವಾಗಿ ಏಳು ವರ್ಷದ್ದು, ಅಪ್ಪನ ಹೆಸರು, ಊರು, ಕಸುಬು ಹೇಳುತ್ತದೆ. ಅವನು ಸೇರಿದ ಕಸುಬುದಾರರ ಸಂಘದ ಹೆಸರನ್ನೇ ಅವನ ಕಸುಬು ಅಂದುಕೊಳ್ಳಬೇಡ. ಬಟ್ಟೆ ವ್ಯಾಪಾರಿಗಳ ಸಂಘದಲ್ಲಿದ್ದವನು ಬೇರೇನೋ ಮಾಡುತ್ತಿರಬಹುದು. ಊರು ಸಿಕ್ಕಿತೋ, ಮುಂದಿನ ಪುಸ್ತಕ ಇರುವುದು ಆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ದಾಖಲೆ ಕಚೇರಿಯಲ್ಲಿ. ಹೋಗುವ ಮುಂಚೆ ಅವರ ಪಟ್ಟಿಯಲ್ಲಿ ಯಾವ ವರ್ಷಗಳು ಉಳಿದಿವೆ ಅಂತ ನೋಡಿಕೊಂಡು ಹೋಗು.

ನಿನ್ನ
ಅಪ್ಪ