ಆಟದ ಮಕ್ಕಳನ್ನು ಕರೆದೊಯ್ಯುವ ಕಾಲೇಜುಗಳು ಕಾಗದ ಬರೆದುಕೊಡಲಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಹೊರಬಿದ್ದ ಮೇಲೆ ನಮ್ಮ ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಹಳ್ಳಿಗಳಿಗೆ ಬೇರೆ ಊರಿನ ಕಾಲೇಜುಗಳ ಕೋಚ್‌ಗಳು ಬರುತ್ತಾರೆ. ಅವರು ವಿಚಾರಿಸುವುದು ಹೆಚ್ಚು ಅಂಕ ತೆಗೆದವರ ಮನೆಯನ್ನಲ್ಲ. ರಾಜ್ಯಮಟ್ಟದ ಕುಸ್ತಿಯಲ್ಲಿ ಪದಕ ತಂದ ಹುಡುಗಿಯ ಮನೆ ಯಾವುದು, ಕಬಡ್ಡಿಯಲ್ಲಿ ಒಳ್ಳೆಯ ರೈಡರ್ ಎನಿಸಿಕೊಂಡ ಹುಡುಗ ಯಾರ ಮಗ ಎಂದು ಕೇಳುತ್ತ ಬರುತ್ತಾರೆ. ಒಂದೇ ಮನೆಯ ಕಟ್ಟೆಯ ಮೇಲೆ ಬೆಳಿಗ್ಗೆ ಒಂದು ಕಾಲೇಜಿನವರು, ಸಂಜೆ ಮತ್ತೊಂದು ಕಾಲೇಜಿನವರು ಬಂದು ಕೂತದ್ದನ್ನು ಕಂಡಿದ್ದೇನೆ. ಸೀಟು ಫ್ರೀ, ಹಾಸ್ಟೆಲ್ ಫ್ರೀ, ದಿನಾ ಹಾಲು ಮೊಟ್ಟೆ, ವರ್ಷಕ್ಕೆರಡು ಜೊತೆ ಬೂಟು, ಕೈಖರ್ಚಿಗೆ ಇಷ್ಟು ಎಂದು ಒಬ್ಬರು ಹೇಳಿ ಹೋದರೆ ಇನ್ನೊಬ್ಬರು ಅದಕ್ಕಿಂತ ಹೆಚ್ಚು ಹೇಳುತ್ತಾರೆ. ಎಲ್ಲವೂ ಬಾಯಿಮಾತು. ಒಬ್ಬರಾದರೂ ಒಂದು ಹಾಳೆಯ ಮೇಲೆ ಬರೆದು, ಕಾಲೇಜಿನ ಸಿಕ್ಕಾ ಹಾಕಿ ಕೊಟ್ಟಿದ್ದನ್ನು ನಾನು ನೋಡಿಲ್ಲ. ಈ ಪತ್ರ ಆ ಬಾಯಿಮಾತಿನ ಬಗ್ಗೆ.

ನಾನು ಸರಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ಸಂಜೆ ಹೊತ್ತು ನಮ್ಮೂರ ಗರಡಿ ಮನೆಯಲ್ಲಿ ಮಕ್ಕಳಿಗೆ ಈಗಲೂ ಪಟ್ಟು ಹೇಳಿಕೊಡುತ್ತೇನೆ. ಮಕ್ಕಳು ಹೊರಗೆ ಹೋಗುವುದಕ್ಕೆ ನನ್ನ ತಕರಾರಿಲ್ಲ. ನಮ್ಮ ತಾಲೂಕಿನ ಕಾಲೇಜಿನಲ್ಲಿ ಕುಸ್ತಿ ಮ್ಯಾಟ್ ಇಲ್ಲ, ದೈಹಿಕ ನಿರ್ದೇಶಕರ ಹುದ್ದೆ ಖಾಲಿ ಬಿದ್ದು ವರ್ಷಗಳಾದವು. ಮಣ್ಣಿನಲ್ಲಿ ಬೆಳೆದ ಹುಡುಗಿ ಮ್ಯಾಟ್ ಮೇಲೆ ಪಳಗದೆ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಮೊದಲ ಸುತ್ತು ದಾಟುವುದೇ ಕಷ್ಟ. ಒಳ್ಳೆಯ ಕೋಚ್, ಹೊಟ್ಟೆತುಂಬ ಊಟ, ಜೊತೆಗೆ ಹಿಡಿಯಲು ಸಮತೂಕದವರು ಇರುವ ಕಡೆ ಹೋಗಲೇಬೇಕು. ಹೋಗಿ ಯೂನಿವರ್ಸಿಟಿ ಬ್ಲೂ (ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರು) ಆಗಿ, ರೈಲ್ವೆ ಸೇರಿ, ಊರಲ್ಲಿ ಮನೆ ಕಟ್ಟಿಸಿದವರು ನಮ್ಮ ಗರಡಿಯವರೇ ಇದ್ದಾರೆ. ಕೊಟ್ಟ ಮಾತನ್ನು ಕಡೆಯವರೆಗೂ ನಡೆಸಿಕೊಟ್ಟ ಕಾಲೇಜುಗಳೂ ಇವೆ. ಅವರಿಗೆ ಬರೆದುಕೊಡಲು ಭಯವೇನೂ ಇರಲಾರದು.

ಕಾಲೇಜುಗಳು ನಮ್ಮ ಕಡೆಗೇ ಯಾಕೆ ಬರುತ್ತವೆ ಎಂಬುದನ್ನು ಹೇಳಬೇಕು. ನೀರಿನ ಗುಣ, ಜೋಳದ ರೊಟ್ಟಿಯ ಗುಣ ಎಂದು ಜನ ಹೇಳುತ್ತಾರೆ. ನನ್ನ ಪ್ರಕಾರ ಅದು ಊರಿನವರ ದುಡಿಮೆಯ ಗುಣ. ಹನುಮಪ್ಪನ ಗುಡಿಯ ಪಕ್ಕ ಒಂದು ಗರಡಿ, ಅದರೊಳಗೆ ಜರಡಿ ಹಿಡಿದ ಕೆಂಪು ಮಣ್ಣು. ಆ ಮಣ್ಣಿಗೆ ಎಣ್ಣೆ, ಅರಿಶಿಣ, ಮಜ್ಜಿಗೆ ಹಾಕಿ ಕಾಲಕಾಲಕ್ಕೆ ಗುದ್ದಲಿಯಿಂದ ಕೆದಕಿ ಹದ ಮಾಡುತ್ತಲೇ ಇರಬೇಕು. ಅದಕ್ಕೆ ಸರಕಾರದ ದುಡ್ಡು ಬರುವುದಿಲ್ಲ, ಊರವರು ಪಟ್ಟಿ ಎತ್ತುತ್ತಾರೆ. ಜಾತ್ರೆಯಲ್ಲಿ ತೆಂಗಿನಕಾಯಿಗೆ ಕುಸ್ತಿ ಹಿಡಿಯುವ ಎಂಟು ವರ್ಷದ ಹುಡುಗನಿಂದ ಹಿಡಿದು ಬೆಳ್ಳಿ ಕಡಗ ಗೆಲ್ಲುವ ಪೈಲ್ವಾನನವರೆಗೆ ಒಂದೇ ಅಖಾಡದಲ್ಲಿ ಇಳಿಯುತ್ತಾರೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದ ಮೇಲೆ ಹೆಣ್ಣುಮಕ್ಕಳನ್ನು ಗರಡಿಗೆ ಕಳಿಸುವ ತಂದೆ-ತಾಯಿ ನಮ್ಮಲ್ಲಿ ಹೆಚ್ಚಾದರು. ಗದಗ-ಬೆಟಗೇರಿ ಮತ್ತು ಹುಬ್ಬಳ್ಳಿಯ ಸೆಟ್ಲಮೆಂಟ್‌ನ ಹಾಕಿ ಇನ್ನೊಂದು ಕಥೆ. 1871ರಲ್ಲಿ ಮೊದಲು ಬಂದು ಮುಂದೆ ನಮ್ಮ ಕಡೆಗೂ ವಿಸ್ತರಿಸಿದ ಕಾಯ್ದೆಯಡಿ ಬ್ರಿಟಿಷರು ಅಪರಾಧಿ ಬುಡಕಟ್ಟು ಎಂದು ಹಣೆಪಟ್ಟಿ ಹಚ್ಚಿ ಕೂಡಿಹಾಕಿದ ಜನರ ಮೊಮ್ಮಕ್ಕಳು, ಮರಿಮಕ್ಕಳು ಹಾಕಿ ಸ್ಟಿಕ್ ಹಿಡಿದು ಮೇಲೆ ಬಂದರು. ಆ ಕಾಯ್ದೆ 1952ರಲ್ಲಿ ರದ್ದಾಯಿತು, ಆದರೆ ನೌಕರಿಯ ಬಾಗಿಲು ತೆರೆಸಿದ್ದು ಆಟ. ಗದಗ ಜಿಲ್ಲೆಯ ಸೈಕಲ್ ಮಕ್ಕಳೂ ಹಾಗೆಯೇ, ಹೊಲದ ದಾರಿಯಿಂದ ಬಂದವರು.

ಇದೇ ನಕಾಶೆಯನ್ನು ನಾನು ಅಮೆರಿಕದಲ್ಲಿಯೂ ಕಂಡೆ. ನನ್ನ ತಂಗಿಯ ಮಗ ಡಲ್ಲಾಸ್ ಹತ್ತಿರ ನೌಕರಿಯಲ್ಲಿದ್ದಾನೆ, ಅವನಲ್ಲಿಗೆ ಹೋದಾಗ ಅಲ್ಲಿಯ ಹೈಸ್ಕೂಲ್ ಮಕ್ಕಳ ಫುಟ್‌ಬಾಲ್ ನೋಡಿದೆ. ಅದು ನಮ್ಮ ಕಾಲ್ಚೆಂಡಲ್ಲ. ಉದ್ದನೆಯ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಮೈಗೆ ಮೈ ಕೊಟ್ಟು ನುಗ್ಗುವ ಆಟ. ಹತ್ತಿರದ ಆಲನ್ ಎಂಬ ಊರಿನಲ್ಲಿ ಹೈಸ್ಕೂಲಿನ ತಂಡಕ್ಕೇ 18,000 ಆಸನಗಳ ಕ್ರೀಡಾಂಗಣವಿದೆ. ಟೆಕ್ಸಾಸ್, ಫ್ಲೋರಿಡಾ, ಜಾರ್ಜಿಯಾ, ಕ್ಯಾಲಿಫೋರ್ನಿಯಾ ರಾಜ್ಯಗಳಿಗೆ ದೇಶದ ಎಲ್ಲ ಮೂಲೆಗಳಿಂದ ಕಾಲೇಜು ಕೋಚ್‌ಗಳು ಹುಡುಗರನ್ನು ಹುಡುಕಿಕೊಂಡು ಬರುತ್ತಾರೆ. ಫ್ಲೋರಿಡಾದ ಒಕೀಚೋಬಿ ಸರೋವರದ ದಂಡೆಯಲ್ಲಿ ಬೆಲ್ ಗ್ಲೇಡ್, ಪಹೋಕಿ ಎಂಬ ಎರಡು ಬಡ ಊರುಗಳಿವೆ. ಸುತ್ತ ಕರಿಮಣ್ಣು, ಕಬ್ಬಿನ ಗದ್ದೆ. ಕಟಾವಿಗೆ ಮುಂಚೆ ಕಬ್ಬಿನ ಸೋಗೆಗೆ ಬೆಂಕಿ ಇಟ್ಟಾಗ ಹೊರಗೋಡುವ ಮೊಲಗಳನ್ನು ಅಲ್ಲಿಯ ಹುಡುಗರು ಬೆನ್ನಟ್ಟಿ ಹಿಡಿಯುತ್ತಾರೆ. ಆ ಓಟವೇ ಅವರ ತಾಲೀಮು ಎನ್ನುತ್ತಾರೆ. ಅನ್‌ಕ್ವಾನ್ ಬೋಲ್ಡಿನ್ ಎಂಬ ಹೆಸರಾಂತ ಆಟಗಾರ ಪಹೋಕಿಯವನು. ಕಾಲೇಜುಗಳು ಅಲ್ಲಿಗೆ ಬರುವುದೂ ನಮ್ಮಲ್ಲಿಗೆ ಬರುವುದೂ ಒಂದೇ ಕಾರಣಕ್ಕೆ. ಬೇರೆ ದಾರಿ ಇಲ್ಲದ ಮಕ್ಕಳು ಜೀವ ಪಣಕ್ಕಿಟ್ಟು ಆಡುತ್ತಾರೆ.

ಅಲ್ಲಿಯ ಪೈಪೋಟಿ ಬಹಳ ಕಾಲ ಹೊಲಸಾಗಿಯೇ ಇತ್ತು. ಡಲ್ಲಾಸ್‌ನದೇ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಹಿತೈಷಿಗಳು ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟದ್ದು ಬಯಲಾಗಿ, ಅಲ್ಲಿಯ ಕಾಲೇಜು ಕ್ರೀಡೆಯನ್ನು ನಡೆಸುವ ಸಂಸ್ಥೆ ಆ ತಂಡದ 1987ರ ಇಡೀ ಹಂಗಾಮನ್ನೇ ರದ್ದು ಮಾಡಿ ಶಿಕ್ಷೆ ಕೊಟ್ಟಿತು. ಈಗ ಹಣದ ವ್ಯವಹಾರ ಬಹಿರಂಗವಾಗಿದೆ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ದುಡಿಯಬಹುದು. 2025ರಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಒಂದು ವಿಶ್ವವಿದ್ಯಾಲಯ 2025-26ರಲ್ಲಿ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ತನ್ನ ಆಟಗಾರರಿಗೆ ಹಂಚಬಹುದಿತ್ತು. ಆ ಮೊತ್ತ ನಮಗೆ ಸಂಬಂಧಿಸಿದ್ದಲ್ಲ, ಅದನ್ನು ಬಿಡೋಣ.

ನನಗೆ ಮುಖ್ಯವೆನಿಸಿದ್ದು ಬೇರೆ. ಅಲ್ಲಿ ಹುಡುಗ ಕಾಲೇಜಿಗೆ ಹೋಗುವ ಮೊದಲೇ ಒಪ್ಪಂದ ಪತ್ರಕ್ಕೆ ಸಹಿ ಹಾಕುವ ಪದ್ಧತಿ 1964ರಿಂದ ಇತ್ತು. ಆ ಪತ್ರದ ಹೆಸರು, ರೂಪ ಈಚೆಗೆ ಬದಲಾಗಿದೆ, ಬರವಣಿಗೆಯ ಪದ್ಧತಿ ಉಳಿದಿದೆ. ಒಪ್ಪಂದ ಕೋಚ್ ಜೊತೆಗಲ್ಲ, ಸಂಸ್ಥೆಯ ಜೊತೆಗೆ ಎಂದು ಅದರಲ್ಲೇ ಇರುತ್ತಿತ್ತು. ಹಾಗಿದ್ದೂ 1973ರಿಂದ 2012ರವರೆಗೆ ವಿದ್ಯಾರ್ಥಿವೇತನವನ್ನು ಒಂದೊಂದೇ ವರ್ಷಕ್ಕೆ ಕೊಡುತ್ತಿದ್ದರು. ಗಾಯಗೊಂಡವನನ್ನು, ಫಾರ್ಮ್ ಕಳೆದುಕೊಂಡವನನ್ನು ಮುಂದಿನ ವರ್ಷ ಕೈಬಿಡಬಹುದಿತ್ತು. 2015ರ ಜನವರಿಯಲ್ಲಿ ಕಾನ್ಫರೆನ್ಸ್ ಎಂದು ಕರೆಯುವ ಐದು ದೊಡ್ಡ ಕ್ರೀಡಾ ಒಕ್ಕೂಟಗಳ 65 ವಿಶ್ವವಿದ್ಯಾಲಯಗಳು ಕೂಡಿ, ಆಟದ ಕಾರಣಕ್ಕೆ ಯಾರ ವಿದ್ಯಾರ್ಥಿವೇತನವನ್ನೂ ಕಿತ್ತುಕೊಳ್ಳಬಾರದು ಎಂದು ಮತ ಹಾಕಿ ನಿಯಮ ಮಾಡಿದವು. ಆ ಸಭೆಯಲ್ಲಿ ಆಟಗಾರ ವಿದ್ಯಾರ್ಥಿಗಳಿಗೂ ಮತವಿತ್ತು. ಕೋಟ್ಯಂತರ ಡಾಲರಿನ ಕ್ರೀಡಾಂಗಣಕ್ಕಿಂತ ಈ ಒಂದು ಸಾಲಿನ ನಿಯಮ ನನಗೆ ದೊಡ್ಡದಾಗಿ ಕಂಡಿತು, ಏಕೆಂದರೆ ಅದು ಇಲ್ಲದಿದ್ದರೆ ಏನಾಗುತ್ತದೆ ಎಂದು ನಮ್ಮ ಗರಡಿಯಲ್ಲೇ ನೋಡಿದ್ದೇನೆ.

ನಮ್ಮಲ್ಲಿ 53 ಕಿಲೋ ವಿಭಾಗದಲ್ಲಿ ಆಡುತ್ತಿದ್ದ ಹುಡುಗಿ. ತಂದೆ ಬಾಡಿಗೆ ಟ್ರ್ಯಾಕ್ಟರ್ ಓಡಿಸುವವನು. ಢಾಕ್ ಪಟ್ಟು ಹಾಕಿದಳೆಂದರೆ ಎದುರಿನವಳ ಕಾಲು ನೆಲ ಬಿಟ್ಟೇಬಿಡುತ್ತಿತ್ತು. ಪಿಯುಸಿ ಮುಗಿದ ಮೇಲೆ ದೂರದ ಒಂದು ಖಾಸಗಿ ಕಾಲೇಜಿನವರು ಪದವಿಯ ಮೂರು ವರ್ಷವೂ ತಮ್ಮದೇ ಜವಾಬ್ದಾರಿ ಎಂದು ಹೇಳಿ ಕರೆದೊಯ್ದರು. ಮೊದಲ ವರ್ಷ ಕಾಲೇಜಿಗೆ ಪದಕ ತಂದುಕೊಟ್ಟಳು, ಪ್ರವೇಶದ ಜಾಹೀರಾತಿನಲ್ಲಿ ಅವಳ ಫೋಟೊ ಬಂತು. ಎರಡನೆಯ ವರ್ಷ ಅಭ್ಯಾಸ ಮಾಡುವಾಗ ಮೊಣಕಾಲು ತಿರುಚಿ ಒಳಗಿನ ಲಿಗಮೆಂಟ್ ಹರಿಯಿತು. ಶಸ್ತ್ರಚಿಕಿತ್ಸೆ ಆದ ಮೇಲೂ ಅಖಾಡಕ್ಕೆ ಮರಳಲು ಒಂಬತ್ತು ತಿಂಗಳು, ವರ್ಷ ಹಿಡಿಯುವ ಗಾಯ ಅದು. ಊರಿಗೆ ಬಂದಾಗ ನಾನು ದರ್ಜಿಯ ಟೇಪ್ ತರಿಸಿ ಎರಡೂ ತೊಡೆಗಳ ಸುತ್ತಳತೆ ತೆಗೆದೆ. ಪೆಟ್ಟಾದ ಕಾಲಿನ ತೊಡೆ ಎರಡು ಬೆರಳಿನಷ್ಟು ಸೊರಗಿತ್ತು. ಹುಡುಗಿ ಟೇಪ್ ಕಡೆ ನೋಡಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

ಆ ಮೇಲೆ ಕಾಲೇಜಿನ ಆಫೀಸಿನಿಂದ ಫೋನ್ ಬಂತು. ಕ್ರೀಡಾ ಕೋಟಾವನ್ನು ಪ್ರತಿವರ್ಷ ಸಾಧನೆ ನೋಡಿ ಮುಂದುವರಿಸುತ್ತೇವೆ, ಈ ವರ್ಷ ಸಾಧನೆ ಇಲ್ಲ, ಫೀ ಕಟ್ಟಬೇಕು ಎಂದರು. ಕರೆದೊಯ್ದಿದ್ದ ಕೋಚ್ ಅಷ್ಟರಲ್ಲಿ ಬೇರೆ ಕಾಲೇಜು ಸೇರಿದ್ದರು. ಅವರು ಕೊಟ್ಟ ಮಾತು ನಮಗೆ ಗೊತ್ತಿಲ್ಲ ಎಂದು ಆಫೀಸಿನವರು ಹೇಳಿದರು. ತಂದೆ ನನ್ನ ಮನೆಗೆ ಬಂದು, "ಮಾಸ್ತರ್ರ, ಮೂರೂ ವರ್ಷ ನಮ್ಮ ಮಗಳಂಗ ನೋಡ್ಕೋತೀವಿ ಅಂದಿದ್ರು. ಈಗ ನೋಡಿದ್ರ ಫೀ ಕಟ್ರಿ, ಇಲ್ಲಾ ರೂಮ್ ಖಾಲಿ ಮಾಡ್ರಿ ಅಂತಾರ. ಮಾರ್ಕ್ಸ್ ಕಾರ್ಡ್ ಬ್ಯಾರೆ ಅಲ್ಲೇ ಐತ್ರಿ" ಎಂದ. ಮೂಲ ಅಂಕಪಟ್ಟಿಗಳನ್ನು ಕಾಲೇಜುಗಳು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲಿಯೇ ಅಧಿಸೂಚನೆ ಹೊರಡಿಸಿದೆ. ಅದನ್ನು ತೋರಿಸಿ, ಬೆನ್ನುಹತ್ತಿ ಬಿಡಿಸಿಕೊಂಡು ಬಂದೆವು. ಹುಡುಗಿ ಈಗ ತಾಲೂಕಿನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಳೆ. ಒಂದು ವರ್ಷ ಹಾಳಾಯಿತು.

ಕಾಲೇಜುಗಳಿಗೆ ಪದಕ ಯಾಕೆ ಬೇಕು ಎಂಬುದು ಗುಟ್ಟೇನಲ್ಲ. ಕಾಲೇಜುಗಳ ಗುಣಮಟ್ಟ ಅಳೆದು ಶ್ರೇಣಿ ಕೊಡುವ ನ್ಯಾಕ್ ತಂಡದ ಮುಂದೆ ಕ್ರೀಡೆಯ ಪದಕಗಳ ಲೆಕ್ಕ ಇಡಬೇಕಾಗುತ್ತದೆ. ವಿಶ್ವವಿದ್ಯಾಲಯಗಳಿಗೆ, ಕ್ರೀಡೆಯಲ್ಲಿ ಒಟ್ಟಾರೆ ಮುಂದಿರುವ ವಿಶ್ವವಿದ್ಯಾಲಯಕ್ಕೆ ಸಿಗುವ ಮೌಲಾನಾ ಆಜಾದ್ ಟ್ರೋಫಿಯ ಆಸೆ ಇರುತ್ತದೆ, ಅಮೃತಸರದ ಗುರು ನಾನಕ್ ದೇವ್ ವಿಶ್ವವಿದ್ಯಾಲಯ ಅದನ್ನು ಎಲ್ಲರಿಗಿಂತ ಹೆಚ್ಚು ಸಲ ಗೆದ್ದು ದೇಶಕ್ಕೆಲ್ಲ ಹೆಸರಾಗಿದೆ. ಆ ಆಸೆ ಇರಲಿ, ತಪ್ಪಲ್ಲ. ಪದಕದ ಲಾಭ ಪಡೆಯುವವರು ಮೊಣಕಾಲಿನ ನಷ್ಟವನ್ನೂ ಹೊರಬೇಕು ಎಂಬುದಷ್ಟೇ ನನ್ನ ವಾದ. ಬರೆದು ಕೊಡುವುದು ಅಸಾಧ್ಯವೇನೂ ಅಲ್ಲ. ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದ ಮಗುವಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿ, ಅದರಲ್ಲಿ ಕೈಖರ್ಚಿಗೆ ತಿಂಗಳಿಗೆ 10,000 ಎಂದು ಕಾಗದದಲ್ಲೇ ಇದೆ. ನಮ್ಮ ಬ್ಯಾಡಗಿ ಮಾರುಕಟ್ಟೆಗೆ ರೈತ ಮೆಣಸಿನಕಾಯಿ ತಂದರೆ ತೂಕ, ದರ ಬರೆದ ಚೀಟಿ ಕೈಗೆ ಬರುತ್ತದೆ. ಮಗಳನ್ನು ಕಳಿಸಿದ ತಂದೆಯ ಕೈಯಲ್ಲಿ ಒಂದು ಚೀಟಿಯೂ ಇಲ್ಲ.

ಆದ್ದರಿಂದ ಉನ್ನತ ಶಿಕ್ಷಣ ಇಲಾಖೆ ಮತ್ತು ಯುವ ಸಬಲೀಕರಣ ಹಾಗೂ ಕ್ರೀಡಾ ಇಲಾಖೆ ಸೇರಿ ಒಂದು ಪುಟದ ಒಪ್ಪಂದದ ನಮೂನೆಯನ್ನು ಕನ್ನಡದಲ್ಲಿ ಸಿದ್ಧಪಡಿಸಲಿ. ಕ್ರೀಡಾ ಕೋಟಾದಲ್ಲಿ ಸೀಟು ಕೊಡುವ ಪ್ರತಿ ಕಾಲೇಜಿನ ಪ್ರಾಚಾರ್ಯರು ಅದಕ್ಕೆ ಸಹಿ ಹಾಕಲಿ, ಕೋಚ್ ಸಹಿ ಸಾಲದು. ಕೋರ್ಸ್ ಮುಗಿಯುವವರೆಗೆ ಸೀಟು, ಹಾಸ್ಟೆಲ್ ಇರುತ್ತದೆ, ಆಟದಲ್ಲಿ ಪೆಟ್ಟಾದರೆ ಚಿಕಿತ್ಸೆಯ ಖರ್ಚು ಕಾಲೇಜಿನದು, ಪೆಟ್ಟಾದ ಕಾರಣಕ್ಕೆ ಫೀ ಕೇಳುವಂತಿಲ್ಲ ಎಂಬ ಮೂರು ಮಾತು ಅದರಲ್ಲಿ ಇರಲೇಬೇಕು. ಮಗು ಓದು ಬಿಟ್ಟರೆ, ಶಿಸ್ತು ಮೀರಿದರೆ ಏನು ಎಂಬುದನ್ನು ಕಾಲೇಜುಗಳೂ ಬರೆದುಕೊಳ್ಳಲಿ, ಅದು ನ್ಯಾಯವೇ.

ಮಗುವನ್ನು ತಯಾರು ಮಾಡಿದ ಗರಡಿಗೂ ಶಾಲೆಗೂ ಏನಾದರೂ ಮರಳಿ ಬರಬೇಕು ಎಂಬುದು ನನ್ನ ಮನಸ್ಸಿನಲ್ಲಿ ಬಹಳ ದಿನದಿಂದಿದೆ. ಅಮೆರಿಕದ ಕಾಲೇಜು ಆಟದಲ್ಲಿ ಅದಕ್ಕೆ ದಾರಿ ಇಲ್ಲ. ಆದರೆ ಜಗತ್ತಿನ ಕಾಲ್ಚೆಂಡನ್ನು ನಡೆಸುವ ಫಿಫಾ 2001ರಲ್ಲಿಯೇ ಒಂದು ಒಳ್ಳೆಯ ನಿಯಮ ತಂದಿದೆ. ಒಂದು ಕ್ಲಬ್ಬು ಇನ್ನೊಂದರಿಂದ ಆಟಗಾರನನ್ನು ಹಣ ಕೊಟ್ಟು ಪಡೆದರೆ ಆ ಹಣದ ಶೇ 5ರಷ್ಟು, ಅವನು 12ರಿಂದ 23 ವರ್ಷದವನಾಗುವ ತನಕ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಹಂಚಿಕೆಯಾಗುತ್ತದೆ. ನಮ್ಮಲ್ಲಿ ಅಷ್ಟು ಹಣ ಕೈಬದಲಾಗುವುದಿಲ್ಲ ಎಂದು ಗೊತ್ತು. ಪದಕ ತಂದ ಮಗುವಿನ ಊರಿನ ಶಾಲೆಗೆ ಒಂದು ಹಳೆಯ ಮ್ಯಾಟ್ ಕೊಟ್ಟರೂ ಸಾಕು. ಫಲಿತಾಂಶದ ಪಟ್ಟಿಯಲ್ಲಿ ಕಾಲೇಜಿನ ಹೆಸರಿನ ಕೆಳಗೆ ಊರಿನ ಹೆಸರು, ಕಲಿಸಿದ ಗರಡಿಯ ಹೆಸರು ಅಚ್ಚಾಗಲಿ. ನಿಮ್ಮ ಪತ್ರಿಕೆಯ ಕ್ರೀಡಾ ಪುಟದಲ್ಲಿ ಇದನ್ನು ನೀವು ನಾಳೆಯಿಂದಲೇ ಶುರು ಮಾಡಬಹುದು, ಅದಕ್ಕೆ ಯಾವ ಇಲಾಖೆಯ ಆದೇಶವೂ ಬೇಕಿಲ್ಲ.

ತಂದೆ-ತಾಯಿಗಳಿಗೆ ಒಂದು ಮಾತು. ಕಾರಿನಲ್ಲಿ ಬಂದವರಿಗೆ ಚಹಾ ಕೊಡಿ, ಗೌರವದಿಂದ ಕೂರಿಸಿ ಮಾತಾಡಿಸಿ. ಕಾಗದ ಕೈಗೆ ಬರುವವರೆಗೆ ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರ ಕೊಡಬೇಡಿ. ಕೇಳಲು ಸಂಕೋಚವಾದರೆ ಶಾಲೆಯ ದೈಹಿಕ ಶಿಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಾವೇರಿ ಜಿಲ್ಲೆಯ ನನ್ನ ವೃತ್ತಿಬಾಂಧವರು ಯಾರನ್ನು ಕರೆದರೂ ಬರುತ್ತಾರೆ ಎಂಬ ಭರವಸೆ ನನಗಿದೆ. ಇಲಾಖೆಯ ನಮೂನೆ ಬರುವ ತನಕ ನಾವೇ ಒಂದನ್ನು ಬರೆದು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳುತ್ತೇವೆ. ಮುಂದಿನ ಫಲಿತಾಂಶಕ್ಕೆ ಮುಂಚೆ ಅದು ನಮ್ಮ ತಾಲೂಕಿನ ಎಲ್ಲ ಹೈಸ್ಕೂಲುಗಳಲ್ಲೂ ಸಿಗುವಂತೆ ಮಾಡುತ್ತೇವೆ.

ನಿವೃತ್ತ ದೈಹಿಕ ಶಿಕ್ಷಕ, ಹಾವೇರಿ ಜಿಲ್ಲೆ