ಸಿಂಗಲ್ ಕಾಲಂನಲ್ಲಿ ಉಳಿದುಹೋದ ಧನ್ಯವಾದ

ಕಳೆದ ವಾರ ಸುದ್ದಿಮನೆಯಿಂದ ನಿವೃತ್ತನಾದೆ. 29 ವರ್ಷ, ಅದರಲ್ಲಿ ಹೆಚ್ಚಿನವು ವಿದೇಶ ಪುಟದ ರಾತ್ರಿ ಪಾಳಿಯಲ್ಲಿ ಕಳೆದವು. ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಬೀಳ್ಕೊಟ್ಟ ಸಹೋದ್ಯೋಗಿಗಳಿಗೆ, ಪುಟ ಬಿಡುವ ಹೊತ್ತಿನಲ್ಲಿ ‘ಇನ್ನೊಂದು ಸುದ್ದಿ ಇದೆ’ ಎಂದರೆ ಗೊಣಗುತ್ತಲೇ ಜಾಗ ಮಾಡಿಕೊಡುತ್ತಿದ್ದ ಪುಟ ವಿನ್ಯಾಸದ ಹುಡುಗರಿಗೆ, ರಾತ್ರಿ ಎರಡಕ್ಕೆ ಬಾಗಿಲು ತೆರೆಯುತ್ತಿದ್ದ ಹೆಂಡತಿಗೆ ಅಂದೇ ಕೈಮುಗಿದೆ. ಒಂದು ಧನ್ಯವಾದ ಮಾತ್ರ ಬಾಯಿಗೆ ಬರಲಿಲ್ಲ. ಅದು ಸಲ್ಲಬೇಕಾದವರು ನನ್ನನ್ನು ಕಂಡವರಲ್ಲ, ಕನ್ನಡ ಓದುವವರೂ ಅಲ್ಲ.

2023ರ ಅಕ್ಟೋಬರ್ 11. ಗಾಜಾ ಯುದ್ಧ ಶುರುವಾಗಿ ನಾಲ್ಕೇ ದಿನವಾಗಿತ್ತು. ಪುಟದ ತುಂಬ ಹೊಗೆ, ಹೆಣ. ಅದರ ನಡುವೆ ಬಂದ ಒಂದು ಏಜೆನ್ಸಿ ಸುದ್ದಿ: ಚೀನಾದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಆಸ್ಟ್ರೇಲಿಯಾದ ಪತ್ರಕರ್ತೆ ಚೆಂಗ್ ಲೇ ಮೆಲ್ಬರ್ನ್ ತಲುಪಿದರು. ಸಿಂಗಲ್ ಕಾಲಂ ಕೊಟ್ಟೆ. ಅಷ್ಟೇ ಜಾಗವಿತ್ತು.

ಚೀನಾದ ಸರ್ಕಾರಿ ವಾಹಿನಿಯಲ್ಲೇ ನಿರೂಪಕಿಯಾಗಿದ್ದವರು ಆಕೆ. ಹೊರಬಂದ ಮೇಲೆ ಆಕೆಯೇ ಹೇಳಿದಂತೆ, ಸರ್ಕಾರಿ ವರದಿಯೊಂದರ ಅಂಶಗಳನ್ನು ಎಂಬಾರ್ಗೊ (ಇಂತಿಷ್ಟು ಹೊತ್ತಿನವರೆಗೆ ಪ್ರಕಟಿಸಬಾರದೆಂಬ ನಿರ್ಬಂಧ) ಮುಗಿಯಲು ಏಳು ನಿಮಿಷ ಇರುವಾಗ ಇನ್ನೊಬ್ಬ ಪತ್ರಕರ್ತರಿಗೆ ಕಳುಹಿಸಿದ್ದೇ ಅಪರಾಧ. ಏಳು ನಿಮಿಷ! ಗಡಿಯಾರ ನೋಡದೆ ಎಂಬಾರ್ಗೊ ಸುದ್ದಿಯನ್ನು ವೆಬ್‌ಸೈಟಿಗೆ ಬಿಟ್ಟು ಬೈಸಿಕೊಂಡವನು ನಾನು. ಮರುದಿನ ಕಾಫಿ ಕುಡಿಯುವ ಹೊತ್ತಿಗೆ ಎಲ್ಲರೂ ಮರೆತಿದ್ದರು. ಆಕೆಯನ್ನು 2020ರ ಆಗಸ್ಟ್‌ನಲ್ಲಿ ಕರೆದೊಯ್ದವರು ಆರು ತಿಂಗಳು ವಿಧ್ಯುಕ್ತವಾಗಿ ಬಂಧಿಸಲೂ ಇಲ್ಲ, ಬಿಡಲೂ ಇಲ್ಲ. 2022ರ ಮಾರ್ಚ್ 31ರಂದು ಬೀಜಿಂಗ್‌ನ ನ್ಯಾಯಾಲಯದಲ್ಲಿ ಗುಪ್ತ ವಿಚಾರಣೆ ನಡೆದಾಗ ಆಸ್ಟ್ರೇಲಿಯಾದ ರಾಯಭಾರಿ ಗ್ರಹಾಂ ಫ್ಲೆಚರ್ ಅವರನ್ನು ಬಾಗಿಲಲ್ಲೇ ತಡೆದರು. ಒಳಗೆ ಬಿಡುವುದಿಲ್ಲವೆಂಬ ಅನುಮಾನ ಅವರಿಗೂ ಇದ್ದಿರಬೇಕು. ಆದರೂ ಹೋಗಿ ನಿಂತರು.

ನನ್ನ ಕೃತಜ್ಞತೆ ರಾಯಭಾರಿಗಿಂತ ಕೆಳಗಿನ ಸಿಬ್ಬಂದಿಗೆ. ತಿಂಗಳಿಗೊಮ್ಮೆ, ಅರ್ಧ ಗಂಟೆ, ಕಾವಲುಗಾರರ ಕಣ್ಣೆದುರು ಆಕೆಯನ್ನು ಮಾತನಾಡಿಸುತ್ತಿದ್ದ ಕಾನ್ಸುಲರ್ ಅಧಿಕಾರಿಗಳಿಗೆ. 2023ರ ಆಗಸ್ಟ್‌ನಲ್ಲಿ ಅಂಥ ಒಂದು ಭೇಟಿಯಲ್ಲಿ ಆಕೆ ತನ್ನ ದೇಶದವರಿಗೆ ಪತ್ರವೊಂದನ್ನು ಬಾಯಲ್ಲೇ ಹೇಳಿದರು: ಮೂರು ವರ್ಷದಿಂದ ಮರ ನೋಡಿಲ್ಲ, ವರ್ಷಕ್ಕೆ ಹತ್ತೇ ಗಂಟೆ ಬಿಸಿಲಲ್ಲಿ ನಿಲ್ಲಬಹುದು ಎಂಬ ಅರ್ಥದ ಸಾಲುಗಳು ಅದರಲ್ಲಿದ್ದವು. ಉಕ್ತಲೇಖನದಂತೆ ಅದನ್ನು ಬರೆದುಕೊಂಡ ಕೈ ಯಾರದ್ದೋ! ನಾನು ನೋಡಿದ ಯಾವ ಏಜೆನ್ಸಿ ಕಾಪಿಯಲ್ಲೂ ಆ ಹೆಸರು ಇರಲಿಲ್ಲ. ಎರಡು ತಿಂಗಳಲ್ಲಿ ಆಕೆ ಮಕ್ಕಳಿದ್ದಲ್ಲಿಗೆ ಬಂದರು. ಮಾತುಕತೆ ನಡೆಸಿದ ಸಚಿವರನ್ನು ಹೊಗಳಲು ಬೇಕಾದಷ್ಟು ಜನರಿದ್ದಾರೆ. ನಾನು ಆ ಕೈಗೆ ನಮಸ್ಕಾರ ಹೇಳುತ್ತೇನೆ.

ಹಾಗೆಂದು ಸರ್ಕಾರಗಳೆಲ್ಲ ಪತ್ರಿಕಾ ಸ್ವಾತಂತ್ರ್ಯದ ಮೇಲಿನ ಪ್ರೀತಿಯಿಂದ ಹೀಗೆ ಓಡಾಡುತ್ತವೆ ಎಂದು ನಂಬುವಷ್ಟು ಮುಗ್ಧನಲ್ಲ. ಅವು ನೋಡುವುದು ಪಾಸ್‌ಪೋರ್ಟ್. 2013ರ ಡಿಸೆಂಬರ್‌ನಲ್ಲಿ ಕೈರೋದಲ್ಲಿ ಅಲ್ ಜಜೀರಾ ವಾಹಿನಿಯ ಮೂವರು ಪತ್ರಕರ್ತರನ್ನು ಹಿಡಿದರು. ಆಸ್ಟ್ರೇಲಿಯಾದ ಪೀಟರ್ ಗ್ರೆಸ್ಟೆ ಅವರನ್ನು 400 ದಿನಗಳ ನಂತರ, 2015ರ ಫೆಬ್ರುವರಿ 1ರಂದು ಬಿಟ್ಟು ಕಳುಹಿಸಿದರು. ಮೊಹಮದ್ ಫಾಹ್ಮಿ ಕೆನಡಾದ ಪ್ರಜೆಯೂ ಆಗಿದ್ದರು. ಮೂರನೆಯವರು ಅಪ್ಪಟ ಈಜಿಪ್ಟಿನವರು. ಅವರ ಪರವಾಗಿ ಫೋನ್ ಎತ್ತಲು ತನ್ನದೆನ್ನುವ ಇನ್ನೊಂದು ದೇಶವಿರಲಿಲ್ಲ. ಉಳಿದಿಬ್ಬರಿಗೆ ಏಳು ವರ್ಷ ಶಿಕ್ಷೆ ವಿಧಿಸಿದ ನ್ಯಾಯಾಲಯ ಅವರಿಗೆ ಹತ್ತು ವರ್ಷ ವಿಧಿಸಿತ್ತು. ಹೆಚ್ಚಿನ ಮೂರು ವರ್ಷ, ಹಾರಿಸಿ ಬಿದ್ದ ಗುಂಡಿನ ಖಾಲಿ ಕವಚವೊಂದನ್ನು ಇಟ್ಟುಕೊಂಡಿದ್ದಕ್ಕೆ. ಅವರಿಗೂ ಫಾಹ್ಮಿಗೂ ಕ್ಷಮಾದಾನ ಸಿಕ್ಕಿದ್ದು 2015ರ ಸೆಪ್ಟೆಂಬರ್‌ನಲ್ಲಿ.

ಗ್ರೆಸ್ಟೆ ಬಿಡುಗಡೆಯ ಸುದ್ದಿಯನ್ನು ಪುಟಕ್ಕೆ ಹಾಕಿದವನು ನಾನೇ. ಎರಡು ಸಾಲು ಹೆಚ್ಚಾಗಿತ್ತು. ‘ಇನ್ನಿಬ್ಬರು ಜೈಲಿನಲ್ಲೇ ಇದ್ದಾರೆ’ ಎಂದು ಬರೆದು ಹೆಸರುಗಳನ್ನು ಕತ್ತರಿಸಿದೆ. ಆ ಮೂರನೆಯವರ ಹೆಸರು ಬಾಹೆರ್ ಮೊಹಮದ್.