ಎರಡು ಕನ್ನಡಿಗೂ ಒಳಚರಂಡಿಗೂ ಏನು ಜಗಳ?

ಮಾನ್ಯ ಸಂಪಾದಕರೇ,

ನಮ್ಮ ಭೌತವಿಜ್ಞಾನ ಪ್ರಯೋಗಾಲಯದ ರಸ್ತೆಯನ್ನು ಒಳಚರಂಡಿಗಾಗಿ ಮತ್ತೆ ಅಗೆದ ಸುದ್ದಿ ನಿನ್ನೆಯ ಪತ್ರಿಕೆಯಲ್ಲಿ ಬಂದಿದೆ. ನಮ್ಮ ಪ್ರಯೋಗದ ಎರಡು ಕನ್ನಡಿಗೋಸ್ಕರ ಕಾಮಗಾರಿ ನಿಲ್ಲಿಸಲಾದೀತೇ ಎಂಬರ್ಥದಲ್ಲಿ ಎಂಜಿನಿಯರ್ ಸಾಹೇಬರು ಕೇಳಿದ್ದನ್ನು ಚೌಕಟ್ಟು ಕಟ್ಟಿ ಹಾಕಿದ್ದೀರಿ. ಮೇಲೆ ‘ಅಣು ಪ್ರಯೋಗ’ ಎಂಬ ಶೀರ್ಷಿಕೆ ಬೇರೆ. ಬೆಳಿಗ್ಗೆಯಿಂದ ಅಕ್ಕಪಕ್ಕದವರು ಗೇಟಿಗೆ ಬಂದು ವಿಕಿರಣ ಸೋರುತ್ತದೆಯೇ ಎಂದು ವಿಚಾರಿಸುತ್ತಿದ್ದಾರೆ. ಬಾಂಬಿಗೂ ಇದಕ್ಕೂ ಸಂಬಂಧವಿಲ್ಲ ಸ್ವಾಮಿ. (‘ಪರಮಾಣು’ ಎಂದು ಸರಿಯಾಗಿ ಬರೆದಿದ್ದರೂ ಹೆದರುತ್ತಿದ್ದರು, ಅದು ಬೇರೆ ಮಾತು.)

ಕನ್ನಡಿಗಳು ಪರಮಾಣುಗಳನ್ನು ತಣಿಸುತ್ತವೆ ಎಂದೂ ವರದಿಯಲ್ಲಿದೆ. ತಪ್ಪು. ಮೊದಲು ಲೇಸರ್ ತಣಿಸುತ್ತದೆ. ಆಮೇಲೆ ಬಿಸಿ ಬಿಸಿ ಪರಮಾಣುಗಳನ್ನು ಹಾರಿಹೋಗಲು ಬಿಟ್ಟು ಉಳಿದವನ್ನು ಇನ್ನಷ್ಟು ತಣಿಸುತ್ತಾರೆ, ಕಾಫಿ ಆರಿದ ಹಾಗೆ. ಕನ್ನಡಿಗಳ ನಡುವಿನ ಕೆಲಸ ಶುರುವಾಗುವ ಹೊತ್ತಿಗೆ ಅವು ಪರಮಶೂನ್ಯಕ್ಕಿಂತ (ಅದಕ್ಕಿಂತ ತಣ್ಣಗೆ ಯಾವುದೂ ಇರಲಾರದು) ಒಂದು ಡಿಗ್ರಿಯ ಕೋಟಿಯಲ್ಲೊಂದು ಪಾಲಿನಷ್ಟೇ ಮೇಲಿರುತ್ತವೆ. ಕನ್ನಡಿಗಳ ಕೆಲಸ ಪರಮಾಣುಗಳ ನಡುವೆ ಮಾತು ಹುಟ್ಟಿಸುವುದು. ಸಾಮಾನ್ಯವಾಗಿ ಈ ಪರಮಾಣುಗಳು ಒಂದಕ್ಕೊಂದು ತಾಗಿದರಷ್ಟೇ ಪರಸ್ಪರ ಗೊತ್ತಾಗುವುದು. ಪಕ್ಕದಿಂದ ಇನ್ನೊಂದು ಲೇಸರ್ (ಪಂಪ್ ಲೇಸರ್) ಹಾಯಿಸಿದರೆ ಒಂದು ಪರಮಾಣು ಚದುರಿಸಿದ ಫೋಟಾನ್ ಎಂಬ ಬೆಳಕಿನ ಕಣ ಎರಡು ಕನ್ನಡಿಗಳ ನಡುವೆ ಸಿಕ್ಕಿಕೊಂಡು ಓಡಾಡುತ್ತದೆ. ದಾರಿಯಲ್ಲಿರುವ ಎಲ್ಲ ಪರಮಾಣುಗಳಿಗೂ ಅದರ ತಳ್ಳು ತಟ್ಟುತ್ತದೆ. ಈ ತುದಿಯದು ಕದಲಿದರೆ ಆ ತುದಿಯದಕ್ಕೆ ಸುದ್ದಿ. ದೂರ ಎಂಬುದೇ ಲೆಕ್ಕಕ್ಕಿಲ್ಲ.

ಸ್ವಿಟ್ಜರ್ಲೆಂಡಿನ ಜೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ಟಿಲ್‌ಮನ್ ಎಸ್‌ಲಿಂಗರ್ ತಂಡ 2010ರಲ್ಲಿ ಇದನ್ನು ಮಾಡಿ ತೋರಿಸಿತು. ಸುಮಾರು 1 ಲಕ್ಷ ರುಬಿಡಿಯಂ ಪರಮಾಣು, 0.2 ಮಿಲಿಮೀಟರಿಗೂ ಕಡಿಮೆ ಅಂತರದ ಕನ್ನಡಿಗಳು, 3.4 ಲಕ್ಷ ಫಿನೆಸ್ (ಕನ್ನಡಿಗಳ ಜೋಡಿ ಬೆಳಕನ್ನು ಎಷ್ಟು ಹಿಡಿದಿಡುತ್ತದೆ ಎಂಬುದರ ಅಳತೆ). ಅಂದರೆ ಒಳಹೊಕ್ಕ ಫೋಟಾನ್ ತಪ್ಪಿಸಿಕೊಳ್ಳುವ ಮೊದಲು ಸರಾಸರಿ ಲಕ್ಷ ಸಲ ಕನ್ನಡಿಗೆ ಬಡಿಯುತ್ತದೆ. ಪಂಪ್ ಲೇಸರಿನ ಶಕ್ತಿ ಒಂದು ಮಟ್ಟ ದಾಟಿದೊಡನೆ ಪರಮಾಣುಗಳು ಚದುರಂಗದ ಹಾಸಿನ ಕಪ್ಪು ಮನೆಗಳಲ್ಲೋ ಬಿಳಿ ಮನೆಗಳಲ್ಲೋ ತಾವಾಗಿ ಕೂತವು. ಯಾವ ಬಣ್ಣ ಎಂಬುದನ್ನು ಅವೇ ಆರಿಸಿಕೊಳ್ಳುತ್ತವೆ.

ಈಗ ರಸ್ತೆ ಒಡೆಯುವ ಬ್ರೇಕರ್ ಮೆಷಿನ್ ವಿಷಯ. ಅಂಥ ಕ್ಯಾವಿಟಿಯಲ್ಲಿ, ಅಂದರೆ ಕನ್ನಡಿಗಳ ಜೋಡಿಯಲ್ಲಿ, ಕನ್ನಡಿಗಳ ಅಂತರ 1 ಪೈಕೋಮೀಟರ್ ಬದಲಾದರೆ ಅದರೊಳಗೆ ನಿಲ್ಲುವ ಬೆಳಕಿನ ಕಂಪನಾಂಕ 2 ಮೆಗಾಹರ್ಟ್ಸ್ ಸರಿಯುತ್ತದೆ. ಒಂದು ಪೈಕೋಮೀಟರ್ ಎಂದರೆ ಪರಮಾಣುವಿನ ಅಗಲದ ನೂರರಲ್ಲೊಂದು ಪಾಲಿಗೂ ಕಡಿಮೆ. ಪಂಪ್ ಲೇಸರಿನ ಕಂಪನಾಂಕ ಕ್ಯಾವಿಟಿಯದಕ್ಕಿಂತ ಕೆಲವು ಮೆಗಾಹರ್ಟ್ಸ್ ಕೆಳಗಿದ್ದರೆ ಪರಮಾಣುಗಳು ಸಾಲಾಗಿ ಕೂರುತ್ತವೆ. ಮೇಲಕ್ಕೆ ಹೋದರೆ ಅದೇ ಬೆಳಕು ಆ ಸಾಲು ಕಟ್ಟಲು ಬಿಡುವುದಿಲ್ಲ. ಎಂದರೆ ಲಾಕ್ (ಲೇಸರ್ ಮತ್ತು ಕ್ಯಾವಿಟಿಯ ಕಂಪನಾಂಕಗಳನ್ನು ಹೊಂದಿಸಿ ಹಿಡಿದಿಡುವ ವ್ಯವಸ್ಥೆ) ಸಡಿಲಾದರೆ ಅಳತೆ ಕೆಡುವುದಷ್ಟೇ ಅಲ್ಲ, ಸೆಳೆತವೇ ವಿಕರ್ಷಣೆಯಾಗಿ ತಿರುಗುತ್ತದೆ.

ಉಪಕರಣಗಳ ಕೆಳಗೆ ಗಾಳಿ ತುಂಬಿದ ಕಾಲುಗಳ ಮೇಜು ಇದೆಯಲ್ಲ ಎನ್ನುತ್ತಾರೆ. ಅದು ಬೇಗದ ನಡುಕವನ್ನು ತಡೆಯುತ್ತದೆ. ಲಾರಿ ಗುಂಡಿಗಿಳಿದು ಏಳುವಾಗಿನ ನಿಧಾನದ ತೂಗಾಟಕ್ಕೆ ಮೇಜೇ ಜೋಕಾಲಿ. ಬ್ರೇಕರ್‌ನ ಸದ್ದಿಗೆ ನೆಲ ಬೇಕಿಲ್ಲ, ಗಾಳಿಯಲ್ಲೇ ಬರುತ್ತದೆ. ಮೊದಲು ಡಯೋಡ್ ಲೇಸರಿನ ಕಂಪನಾಂಕ ತಟ್ಟನೆ ಜಿಗಿಯುತ್ತದೆ, ಆಮೇಲೆ ಕನ್ನಡಿಯನ್ನು ಸರಿಸುವ ಪಿಯೆಜೊದ ವೋಲ್ಟೇಜ್ ಅಂಚು ಮುಟ್ಟುತ್ತದೆ, ಲಾಕ್ ಕಳಚುತ್ತದೆ. ಮತ್ತೆ ಹಿಡಿಯುವಾಗ ಕ್ಯಾಮೆರಾದಲ್ಲಿ ಒಂದೇ ಗುಂಡು ಚುಕ್ಕಿ ಕಾಣಬೇಕು; ಎರಡು ಹೋಳು ಕಂಡರೆ ಬೆಳಕು ತಪ್ಪು ಆಕಾರದಲ್ಲಿ ನಿಂತಿದೆ ಎಂದರ್ಥ, ಮೊದಲಿನಿಂದ ಶುರು. ಪರಮಾಣುಗಳ ಒಂದು ಕಂತು ಒಂದೇ ಅಳತೆಗೆ. ಚಿತ್ರ ತೆಗೆದೊಡನೆ ಅದು ಹೋಯಿತು. ಒಂದು ನಕ್ಷೆಗೆ ಇಂಥ ನೂರಾರು ಕಂತು ಬೇಕು. ಜೆಸಿಬಿ ಕೇಬಲ್ ಕಿತ್ತಾಗ ಕರೆಂಟೂ ಹೋಯಿತು. ಯುಪಿಎಸ್ ನಿರ್ವಾತದ ಪಂಪನ್ನು ಹಿಡಿಯಿತು, ಕಾಂತಕ್ಷೇತ್ರದ ಕಾಯಿಲ್ ತಣಿಸುವ ನೀರಿನ ಚಿಲ್ಲರನ್ನು ಹಿಡಿಯಲಿಲ್ಲ. ಎಸಿ ನಿಂತು ಕೋಣೆ ಬಿಸಿಯಾದರೆ ಎಲ್ಲವೂ ಮೊದಲಿನ ಸ್ಥಿತಿಗೆ ಬರಲು ಅರ್ಧ ದಿನ. ಇನ್ನು ರಸ್ತೆಯ ಧೂಳು: ಲೇಸರ್ ಬೆಳಕನ್ನು ಒಯ್ಯುವ ಫೈಬರ್ ತುದಿಯಲ್ಲಿ ಒಂದು ಕಣ ಕೂತು ಸುಟ್ಟರೆ ಫೈಬರನ್ನೇ ಎಸೆಯಬೇಕು.

ಧೂಳೆಂದಾಗ ನೆನಪಾಯಿತು. ಇಂಥ ಕನ್ನಡಿಗಳಲ್ಲಿ 10 ಲಕ್ಷ ಫೋಟಾನ್‌ಗೆ ಒಂಬತ್ತೋ ಹತ್ತೋ ಮಾತ್ರ ನಷ್ಟ. ಹೊರದೇಶದಿಂದ ಅವು ಬಂದಾಗ, ಯಾವ ಊರಿನ ಸುಂಕದವರೆಂದು ಹೇಳುವುದು ಬೇಡ, ಮುಚ್ಚಿದ ಡಬ್ಬಿ ಒಡೆದು, ಹೊಳಪಿನ ಮೇಲೆಯೇ ಹೆಬ್ಬೆಟ್ಟು ಒತ್ತಿ, ಇಷ್ಟು ಚಿಕ್ಕ ಗಾಜಿಗೆ ಇಷ್ಟು ಬೆಲೆಯೇ ಎಂದು ಕೇಳಿದ್ದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಫೆಬ್ರುವರಿ 28, ರಾಷ್ಟ್ರೀಯ ವಿಜ್ಞಾನ ದಿನ, ಬಂದರೆ ರಸ್ತೆ ಅಗೆಸುವ ಇದೇ ಮಹನೀಯರು ವೇದಿಕೆ ಹತ್ತುತ್ತಾರೆ. ಬೆಳಕಿನ ಚದುರುವಿಕೆಯ ರಾಮನ್‌ಗೆ ಹಾರ, 1924ರಲ್ಲಿ ಐನ್‌ಸ್ಟೈನ್‌ಗೆ ಪತ್ರ ಬರೆದ ಬೋಸ್‌ಗೆ ಜೈಕಾರ. ಬೋಸ್ ಹೆಸರಿನ ದ್ರವ್ಯಸ್ಥಿತಿಯೇ (ಅತಿ ತಣ್ಣಗಾದ ಪರಮಾಣುಗಳೆಲ್ಲ ಒಂದಾಗಿ ವರ್ತಿಸುವ ಸ್ಥಿತಿ) ಇಲ್ಲಿ ಕನ್ನಡಿಗಳ ನಡುವೆ ಇರುವುದು ಎಂದರೆ ಅರ್ಜಿ ಕೊಡಿ ಎನ್ನುತ್ತಾರೆ. ಕೊಟ್ಟ ಅರ್ಜಿಗಳನ್ನು ಯಾವ ಕನ್ನಡಿಗಳ ನಡುವೆ ಇಟ್ಟಿದ್ದಾರೋ, ಲಕ್ಷ ಸಲ ಬಡಿದರೂ ಹೊರಗೆ ಬಂದಿಲ್ಲ.

ಒಳಚರಂಡಿ ಬೇಡವೆಂದು ಯಾರೂ ಹೇಳಿಲ್ಲ. ಅಗೆಯುವುದಾದರೆ ಎರಡು ದಿನ ಮೊದಲೇ ತಿಳಿಸಿ. ತಿಳಿಸಲು ಆಗದಿದ್ದರೆ ರಾತ್ರಿ ಅಗೆಯಬೇಡಿ. ಹಗಲೂ ಬೇಡ. ಅಗೆಯಲೇಬೇಕೆಂದರೆ ನೀರಿಗೊಮ್ಮೆ, ಕೇಬಲ್‌ಗೊಮ್ಮೆ, ಚರಂಡಿಗೊಮ್ಮೆ ಎನ್ನದೆ ಒಂದೇ ಸಲ ಅಗೆದು ಮುಚ್ಚಿ. ಮುಚ್ಚುವುದೆಂದರೆ ಮಣ್ಣು ಎಳೆದು ಹೋಗುವುದಲ್ಲ ಎಂಬುದನ್ನು ಯಾರಾದರೂ ಆ ಸಾಹೇಬರಿಗೆ ತಿಳಿಹೇಳಲಿ. ಪತ್ರಿಕೆಯವರೂ ಮುಂದಿನ ಸಲ ಬರೆಯುವ ಮೊದಲು ಒಂದು ಫೋನ್ ಮಾಡಲಿ.

— ಅದೇ ರಸ್ತೆಯ ಪ್ರಯೋಗಾಲಯದವರು, ಬೆಂಗಳೂರು